ಏಳೆಪ್ಪತ್ತು ಮೇಷ್ಟ್ರು

ಕಳೆದ ತಿಂಗಳು ನಮ್ಮ ಗಣಿತದ ಮೇಷ್ಟ್ರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಬರೆದರೂ ನಮ್ಮ ಬ್ಯಾಚಿನವರಿಗೆ ತಕ್ಷಣ ಹೊಳೆಯಲಿಕ್ಕಿಲ್ಲ. ನಮಗೆಲ್ಲ ಅವರು ‘ಏಳೆಪ್ಪತ್ತು’.

ಆ ಹೆಸರು ಬಿದ್ದದ್ದು 1998ರಲ್ಲಿ, ನಾವು ಒಂಬತ್ತನೇ ಕ್ಲಾಸಿನಲ್ಲಿದ್ದಾಗ. ದಾವಣಗೆರೆ ಜಿಲ್ಲೆಯಾಗಿ ವರ್ಷ ಆಗಿತ್ತಷ್ಟೆ. ನೋಟ್‌ಬುಕ್ಕಿನ ಮೇಲೆ ನಾವು ಇನ್ನೂ ‘ಚಿತ್ರದುರ್ಗ ಜಿಲ್ಲೆ’ ಅಂತಲೇ ಬರೆಯುತ್ತಿದ್ದೆವು. ನೀತಿ ಪಾಠದ ಪೀರಿಯಡ್ಡೂ ಮೇಷ್ಟ್ರದೇ. ಒಂದು ದಿನ ಯೇಸುವಿನ ಶಿಷ್ಯ ಪೇತ್ರನ ಪ್ರಶ್ನೆ ಹೇಳಿದರು. ತಪ್ಪು ಮಾಡಿದ ಸಹೋದರನನ್ನು ಎಷ್ಟು ಸಲ ಕ್ಷಮಿಸಬೇಕು, ಏಳು ಸಲ ಸಾಕಾ? ಏಳಲ್ಲ, ಏಳೆಪ್ಪತ್ತು ಸಲ ಅಂದನಂತೆ ಯೇಸು. ಹಿಂದಿನ ಬೆಂಚಿನಿಂದ ಮಂಡಕ್ಕಿ ಎದ್ದು ನಿಂತ. (ಅವರಪ್ಪನದು ಮಂಡಕ್ಕಿ ಭಟ್ಟಿ.)

“ಅಂದ್ರೆ 490 ಸಾರ್. 491ಕ್ಕೆ ಹೊಡೀಬಹುದಾ?”

“ಲೆಕ್ಕ ಇಡಪ್ಪ, ಆದಾಗ ಹೇಳು” ಅಂದರು ಮೇಷ್ಟ್ರು.

ಅವನು ನಿಜವಾಗಿಯೂ ಇಟ್ಟ. ರಫ್ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಗೀಟು. ಚಾಕ್‌ಪೀಸ್ ಕದ್ದರೆ ಒಂದು, ಹೋಂವರ್ಕ್ ಮಾಡದಿದ್ದರೆ ಒಂದು.

37ನೇ ಗೀಟು ನನ್ನದು. ಮೇಷ್ಟ್ರ ಸೈಕಲ್ಲಿನ ಎರಡೂ ಚಕ್ರದ ಗಾಳಿ ಬಿಟ್ಟೆ. ಯಾಕೆ ಅಂತ ಕೇಳಬೇಡಿ, ಸುಮ್ನೆ. ಅವತ್ತು ಮಳೆ ಬೇರೆ. ಅವರು ನಿಟ್ಟುವಳ್ಳಿವರೆಗೂ ನೆನೆದುಕೊಂಡು ಸೈಕಲ್ ತಳ್ಳಿದರು. ಮರುದಿನ ಮಂಡಕ್ಕಿ ಹೆಡ್‌ಮಾಸ್ಟರ್ ಹತ್ತಿರ ನನ್ನ ಹೆಸರು ಹೇಳಿಬಿಟ್ಟ. “ಹೋಗ್ಲಿ ಬಿಡಿ ಸಾರ್” ಅಂದರು ಮೇಷ್ಟ್ರು. ಹೆಡ್‌ಮಾಸ್ಟರ್ ಬಿಡಲಿಲ್ಲ. ಕಬಡ್ಡಿ ತಂಡದಿಂದ ನನ್ನನ್ನು ತೆಗೆದು, ನನ್ನ ಜಾಗಕ್ಕೆ ಮಂಡಕ್ಕಿಯನ್ನೇ ಹಾಕಿದರು! ನಾನು ಒಳ್ಳೆಯ ರೈಡರ್. ಇದನ್ನು ಈಗಲೂ ಹೇಳಿಕೊಳ್ಳಬೇಕು ಅನ್ನಿಸುತ್ತದೆ, ನೋಡಿ.

1999ರ ಜನವರಿ ಕೊನೆಯಲ್ಲಿ ಮೇಷ್ಟ್ರು ಒಂದು ದಿನ ಪೇಪರ್ ಹಿಡಿದುಕೊಂಡೇ ಕ್ಲಾಸಿಗೆ ಬಂದರು. ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ಜೀಪಿನಲ್ಲೇ ಸುಟ್ಟಿದ್ದರು. ದೊಡ್ಡವನಿಗೆ 10 ವರ್ಷ, ಚಿಕ್ಕವನಿಗೆ 6. ಕೊಂದವರನ್ನು ಕ್ಷಮಿಸಿದ್ದೇನೆ ಅಂದಿದ್ದರು ಹೆಂಡತಿ ಗ್ಲಾಡಿಸ್. ಆಮೇಲೂ ಆಕೆ ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆ ಮಾಡಿಕೊಂಡು ವರ್ಷಗಟ್ಟಲೆ ಇದ್ದರು. “ಈಯಮ್ಮನ ಲೆಕ್ಕ ನನಗೆ ಬಿಡಿಸೋಕೆ ಬರಲ್ಲ” ಅಂದರು ಮೇಷ್ಟ್ರು. ಬೋರ್ಡಿಗೆ ತಿರುಗಿ ಬೇರೆ ಲೆಕ್ಕ ಬರೆದರು.

ಅದೇ ಪೇತ್ರನ ಪ್ರಶ್ನೆಯ ಮುಂದಿನ ಕಥೆ. ಒಬ್ಬ ಆಳಿಗೆ 10,000 ತಲಾಂತು ಸಾಲ. ಒಂದು ತಲಾಂತು ಅಂದರೆ ಸುಮಾರು 6,000 ದಿನದ ಕೂಲಿ. ಗುಣಿಸಿ ಅಂದರು. 6 ಕೋಟಿ ದಿನ. “ವರ್ಷಕ್ಕೆ 300 ದಿನ ಮಿಲ್ಲಿಗೆ ಹೋದ್ರೆ?” ಆಗ ದಾವಣಗೆರೆಯಲ್ಲಿ ಹತ್ತಿ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ಕ್ಲಾಸಿನಲ್ಲಿ ಅರ್ಧ ಜನ ಮಿಲ್ ಕೆಲಸಗಾರರ ಮಕ್ಕಳು. ಬೇಗ ಭಾಗಿಸಿದೆವು. 2 ಲಕ್ಷ ವರ್ಷ! ಅಷ್ಟನ್ನೂ ಧಣಿ ಮನ್ನಾ ಮಾಡಿದ. ಆಚೆ ಬಂದ ಆ ಆಳು, ತನಗೆ ಬರೀ 100 ದಿನದ ಕೂಲಿ ಕೊಡಬೇಕಾಗಿದ್ದವನ ಕುತ್ತಿಗೆ ಹಿಡಿದ. ಮೇಷ್ಟ್ರು ಆ 100ಕ್ಕೆ ಸುತ್ತು ಹಾಕಿದರು. “ನಂದೂ ಇಷ್ಟೇ ಇದೆ” ಅಂತ ಮೆಲ್ಲಗೆ ಅಂದರು. ನಮಗೆ ಅರ್ಥ ಆಗಲಿಲ್ಲ. ಆ ವರ್ಷದ ಬೀಜಗಣಿತ ಒಂದು ಸಾಲೂ ನೆನಪಿಲ್ಲ, ಆ ಸುತ್ತು ನೆನಪಿದೆ.

ಅರ್ಥ ಆಗಿದ್ದು ಅವರ ಮಣ್ಣಿನ ದಿನ. ಹರಿಹರದಲ್ಲಿದ್ದ ಅಣ್ಣ ಒಂದು ಸೈಟಿನ ವಿಷಯದಲ್ಲಿ ಮೇಷ್ಟ್ರಿಗೆ ಮೋಸ ಮಾಡಿದ್ದರಂತೆ. ಹನ್ನೊಂದು ವರ್ಷ ಮಾತಿರಲಿಲ್ಲ. ಆ ಜನವರಿ ಆದ ಮೇಲೆ ಮೇಷ್ಟ್ರು ತಾವಾಗಿಯೇ ಹೋದರು. ಅಣ್ಣ ಬಾಗಿಲು ತೆಗೆಯಲಿಲ್ಲ. ಮುಂದಿನ ತಿಂಗಳು ಮತ್ತೆ ಹೋದರು. “ನಾಲ್ಕು ವರ್ಷ ಹೀಗೇ” ಅಂದರು ಅವರ ಮಗಳು. “ನನ್ನ ಕೈಲಾಗಲ್ಲ ದೇವರೇ ಅಂತ ಬೆಳಿಗ್ಗೆ ಪ್ರಾರ್ಥನೇಲಿ ಅಳೋರು. ಆಮೇಲೆ ಮುಖ ತೊಳ್ಕೊಂಡು ಹರಿಹರದ ಬಸ್ ಹತ್ತೋರು.” ಉದ್ರಿ ಪುಸ್ತಕ ಹರಿದು ಹಾಕೋದು ಸುಲಭ, ಬಾಯಿಪಾಠ ಆಗಿರೋ ಬಾಕಿ ಮರೆಯೋದು ಕಷ್ಟ ಅನ್ನುತ್ತಿದ್ದರಂತೆ.

ನಾನೀಗ ಬ್ಯಾಂಕಿನಲ್ಲಿ ಸಾಲ ವಸೂಲಿ ವಿಭಾಗ ನೋಡಿಕೊಳ್ಳುತ್ತೇನೆ. ಒಳ್ಳೆಯ ಹೆಸರಿದೆ, ನಾನೇ ಹೇಳಬಾರದು. ಎಷ್ಟೋ ಜನರ ಬಾಕಿಯನ್ನು ಒನ್ ಟೈಮ್ ಸೆಟಲ್‌ಮೆಂಟ್‌ನಲ್ಲಿ, ಅಂದರೆ ಒಂದಿಷ್ಟು ಬಿಟ್ಟು ಉಳಿದದ್ದನ್ನು ಕಟ್ಟಿಸಿಕೊಂಡು, ಮುಗಿಸಿಕೊಟ್ಟಿದ್ದೇನೆ. ಪ್ರತಿ ಭಾನುವಾರ ಚರ್ಚಿನಲ್ಲಿ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಹೇಳುತ್ತೇನೆ. ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ಅನ್ನುವ ಸಾಲು ಬಂದಾಗ ಮಾತ್ರ ಮಂಡಕ್ಕಿ ಕಣ್ಣ ಮುಂದೆ ಬರುತ್ತಾನೆ. ಕೆಮ್ಮು ಬಂದಂತೆ ಮಾಡಿ ದಾಟಿಸುತ್ತೇನೆ.

ನನ್ನ ಮಗಳ ಶಾಲೆಯಲ್ಲಿ ಹೀಗೆಲ್ಲ ಆಗುವ ಹಾಗೇ ಇಲ್ಲ. ಮಕ್ಕಳು ಜಗಳ ಆಡಿದರೆ ಸಂಜೆಯೊಳಗೆ ವಾಟ್ಸ್‌ಆ್ಯಪ್ ಗುಂಪಿಗೆ ಬರುತ್ತದೆ. ಮಕ್ಕಳು ಮರುದಿನ ಒಂದಾಗುತ್ತಾರೆ, ಅಪ್ಪ ಅಮ್ಮಂದಿರ ಜಗಳ ವರ್ಷಗಟ್ಟಲೆ ನಡೆಯುತ್ತದೆ. ಗಣಿತದವರು ಗಣಿತ ಮಾತ್ರ ಹೇಳಿಕೊಡುತ್ತಾರೆ. ಚೆನ್ನಾಗಿಯೇ ಹೇಳಿಕೊಡುತ್ತಾರೆ, ಸುಳ್ಳು ಹೇಳಬಾರದು.

ಮಣ್ಣು ಮುಗಿಸಿ ಬರುವಾಗ ಮಂಡಕ್ಕಿ ಸಿಕ್ಕ. ತಲೆ ಬೋಳಾಗಿದೆ. ಬೆಣ್ಣೆ ದೋಸೆ ತಿನ್ನೋಣ ಅಂತ ಎಳೆದುಕೊಂಡು ಹೋದ. ಎದುರು ಕೂತ ಮೇಲೆ ತಡೆಯಲಾಗದೆ ಕೇಳಿಯೇಬಿಟ್ಟೆ.

“ಕಬಡ್ಡಿ?” ಅಂದ ಅವನು. “ನಾನ್ ಯಾವಾಗ ಕಬಡ್ಡಿ ಆಡಿದ್ನಲೇ?”

ಗೀಟು ಹಾಕಿದ್ದು ನೆನಪಿದೆ, ಸೈಕಲ್ ನೆನಪಿದೆ. ನನ್ನ ಹೆಸರು ಹೇಳಿದ್ದು ಮಾತ್ರ ಇಲ್ಲ. ಹೇಳುತ್ತಲೇ ನನ್ನ ತಟ್ಟೆಯ ಪಲ್ಯಕ್ಕೆ ಕೈ ಹಾಕಿದ. ನಾನು ತಟ್ಟೆಯನ್ನು ಅವನ ಕಡೆ ಸ್ವಲ್ಪ ಸರಿಸಿದೆ. ಬಿಲ್ ಅವನೇ ಕೊಟ್ಟ. ಬೇಡ ಅಂದೆ. ಜಾಸ್ತಿ ಒತ್ತಾಯ ಮಾಡಲಿಲ್ಲ.