ಎಂಜಿನ್‌ಎಕ್ಸ್ ಟೆಸ್ಟ್‌ಗೆ ಪೈಥಾನ್ ಯಾಕೆ ಬೇಕು?

ಎಂಜಿನ್‌ಎಕ್ಸ್ (nginx) ಎಂಬ ವೆಬ್ ಸರ್ವರಿನ ಕಾನ್ಫಿಗ್ ಮುಟ್ಟಿದ ಮೇಲೆ ನೋಡಬೇಕಾದದ್ದು ಮೂರೇ: ಪುಟಕ್ಕೆ 200 (ಸರಿ ಇದೆ ಎಂಬ ಕೋಡ್) ಬರುತ್ತಾ, ಹಳೇ ಯುಆರ್‌ಎಲ್ 301 (ವಿಳಾಸ ಬದಲಾಗಿದೆ ಎಂಬ ಕೋಡ್) ಆಗಿ ಸರಿಯಾದ ಕಡೆ ಹೋಗುತ್ತಾ, ಕ್ಯಾಶ್ ಹೆಡರ್ ಇದೆಯಾ. ಇಷ್ಟಕ್ಕೆ ಸಿಐ (ಕೋಡ್ ಬದಲಾದಾಗಲೆಲ್ಲ ತಾನಾಗಿ ಟೆಸ್ಟ್ ಓಡಿಸುವ ವ್ಯವಸ್ಥೆ) ಇಮೇಜ್ ಮೇಲೆ ಪೈಥಾನ್, ಅದರ ಪ್ಯಾಕೇಜ್ ಹಾಕುವ ಪಿಪ್, ರಿಕ್ವೆಸ್ಟ್ಸ್ ಲೈಬ್ರರಿ ಎಲ್ಲ ಹೇರಿದರೆ, ಸರ್ವರ್ ನೆಟ್ಟಗಿದ್ದರೂ ಪಿಪ್ ಇನ್‌ಸ್ಟಾಲ್ ಕೈಕೊಟ್ಟು ಬಿಲ್ಡ್ ಕೆಂಪಾಗುತ್ತದೆ. ಶೆಲ್ ಮತ್ತು ಕಮಾಂಡ್ ಸಾಲಿನಿಂದಲೇ ವೆಬ್ ರಿಕ್ವೆಸ್ಟ್ ಕಳಿಸುವ ಕರ್ಲ್ (curl) ಸಾಕು.

ಶೆಲ್‌ನಲ್ಲಿ ಒಂದು ಫಂಕ್ಷನ್ ಬರೆದು ಪಾತ್ ಮತ್ತು ಬರಬೇಕಾದ ಕೋಡ್ ಕೊಡಿ. ಒಳಗೆ ಕರ್ಲ್ ಬಾಡಿಯನ್ನು ಡೆವ್ ನಲ್‌ಗೆ (/dev/null, ಬಂದದ್ದನ್ನೆಲ್ಲ ಎಸೆಯುವ ಜಾಗ) ಬಿಟ್ಟು, ರೈಟ್-ಔಟ್ ಆಪ್ಶನ್ನಿಂದ ಸ್ಟೇಟಸ್ ಕೋಡ್ ಒಂದನ್ನೇ ಕೊಡಲಿ. ಮ್ಯಾಕ್ಸ್-ಟೈಮ್ 5 ಸೆಕೆಂಡ್ ಇರಲಿ. ಕನೆಕ್ಷನ್ನೇ ಆಗದಿದ್ದರೆ ಬರುವುದು 000, ಅದರಿಂದ ಏನೂ ತಿಳಿಯುವುದಿಲ್ಲ. ಕರ್ಲ್‌ನ ಎಕ್ಸಿಟ್ ಕೋಡನ್ನೂ ಪಕ್ಕದಲ್ಲೇ ಪ್ರಿಂಟ್ ಮಾಡಿಸಿ: 7 ಅಂದರೆ ಕನೆಕ್ಟ್ ಆಗಲಿಲ್ಲ, 28 ಟೈಮೌಟ್, 60 ಸರ್ಟಿಫಿಕೇಟ್ ತಕರಾರು. ಡೊಮೈನ್ ಹೆಸರನ್ನು ಲೋಕಲ್ ಐಪಿಗೆ ತಿರುಗಿಸಲು ರಿಸಾಲ್ವ್ ಆಪ್ಶನ್ ಇದೆ, ಹೋಸ್ಟ್ಸ್ ಫೈಲ್ ಮುಟ್ಟಬೇಡಿ. ಸಿಐ ಮಷಿನ್‌ನಲ್ಲಿ ಪ್ರಾಕ್ಸಿ ವೇರಿಯಬಲ್ ಸೆಟ್ ಆಗಿದ್ದರೆ ರಿಕ್ವೆಸ್ಟ್ ಪ್ರಾಕ್ಸಿಗೆ ಹೋಗಿಬಿಡುತ್ತದೆ, ನೋಪ್ರಾಕ್ಸಿ ಹಾಕಿ.

ತಲೆ ತಿನ್ನುವುದು ಹೆಡರ್. ಹೊಸ ವಿಳಾಸ ಹೇಳುವ ಲೊಕೇಶನ್ ಹೆಡರಿನ ಮೌಲ್ಯ ತೆಗೆದು ಹೋಲಿಸುತ್ತೀರಿ, ಟೆಸ್ಟ್ ಫೇಲ್. ಬೇಕಿದ್ದದ್ದು, ಬಂದದ್ದು ಎರಡನ್ನೂ ಪ್ರಿಂಟ್ ಮಾಡಿದರೆ ಅಕ್ಷರಕ್ಕೆ ಅಕ್ಷರ ಒಂದೇ! ಕಾಣದ ಅಕ್ಷರಗಳನ್ನೂ ತೋರಿಸುವ od ಕಮಾಂಡಿಗೆ -c ಆಪ್ಶನ್ ಕೊಟ್ಟು ನೋಡಿದಾಗ ಕೊನೆಯಲ್ಲಿ ಕ್ಯಾರೇಜ್ ರಿಟರ್ನ್ (\r) ಕೂತಿರುತ್ತದೆ. ಕರ್ಲ್ ಕೊಡುವ ಎಚ್‌ಟಿಟಿಪಿ ಹೆಡರಿನ ಪ್ರತಿ ಸಾಲೂ ಕ್ಯಾರೇಜ್ ರಿಟರ್ನ್, ಲೈನ್ ಫೀಡ್ ಎರಡರಿಂದ ಮುಗಿಯುತ್ತದೆ. ಶೆಲ್ ಲೈನ್ ಫೀಡನ್ನಷ್ಟೇ ಉದುರಿಸುತ್ತದೆ. ಪೈಥಾನ್ ಲೈಬ್ರರಿ ಇದನ್ನು ಸದ್ದಿಲ್ಲದೆ ಮಾಡಿಕೊಡುತ್ತಿತ್ತು. ಕ್ಯಾರೇಜ್ ರಿಟರ್ನನ್ನು tr ಕಮಾಂಡಿನಿಂದ ಮೊದಲೇ ಅಳಿಸಿ. ಎಚ್‌ಟಿಟಿಪಿ/2ರಲ್ಲಿ ಹೆಡರ್ ಹೆಸರುಗಳು ಸಣ್ಣಕ್ಷರದಲ್ಲೇ ಬರುವುದರಿಂದ ಸಾಲು ಹುಡುಕುವ ಗ್ರೆಪ್‌ಗೆ, ದೊಡ್ಡಕ್ಷರ-ಸಣ್ಣಕ್ಷರ ಭೇದ ಮಾಡದ -i ಆಪ್ಶನ್ ಕಡ್ಡಾಯ.

ಹೆಡರ್ ನೋಡಲು ಕರ್ಲ್‌ಗೆ ಕ್ಯಾಪಿಟಲ್ ಐ (-I) ಬಳಸುವುದು ಹಲವರ ರೂಢಿ. ಅದು ಹೋಗುವುದು ಹೆಡರ್ ಮಾತ್ರ ಕೇಳುವ ಹೆಡ್ (HEAD) ರಿಕ್ವೆಸ್ಟ್ ಆಗಿ. ಹಿಂದಿನ ಅಪ್ಲಿಕೇಶನ್ ಹೆಡ್ ಒಪ್ಪದಿದ್ದರೆ 405 (ಈ ವಿಧಾನಕ್ಕೆ ಅನುಮತಿ ಇಲ್ಲ) ಸಿಗುತ್ತದೆ. ಗೆಟ್ ಮಾಡಿಯೇ ಡಂಪ್-ಹೆಡರ್‌ನಿಂದ ತೆಗೆಯಿರಿ.

ಸರ್ವರ್ ಎದ್ದಿತೇ ಎಂದು ಸ್ಲೀಪ್ 5 ಹಾಕಿ ಕಾಯುವ ಬದಲು ಕರ್ಲ್‌ಗೆ ರಿಟ್ರೈ 10, ಜೊತೆಗೆ ರಿಟ್ರೈ-ಕನ್‌ರೆಫ್ಯೂಸ್ಡ್ ಕೊಡಿ. ಇನ್ನೊಂದು: ಡೆಬಿಯನ್ ಲಿನಕ್ಸ್‌ನಲ್ಲಿ ಎಸ್‌ಎಚ್ (sh) ಅಂದರೆ ಡ್ಯಾಶ್ ಎಂಬ ಸರಳ ಶೆಲ್, ಬ್ಯಾಶ್ ಅಲ್ಲ. ಬ್ಯಾಶ್‌ನ ಜೋಡಿ ಚೌಕ ಬ್ರಾಕೆಟ್ ಹಾಕಿದರೆ ಅಲ್ಲೇ ಎರರ್. ಆಲ್ಪೈನ್ ಲಿನಕ್ಸ್‌ನ ಮೂಲ ಇಮೇಜಿನಲ್ಲಿ ಕರ್ಲ್ ಇರುವುದಿಲ್ಲ, ಅದರ ಪ್ಯಾಕೇಜ್ ಕಮಾಂಡ್ ಎಪಿಕೆಯಿಂದ (apk) ಹಾಕಿಕೊಳ್ಳಬೇಕು.

ಜೇಸನ್ (JSON, ಹೆಸರು-ಮೌಲ್ಯ ಜೋಡಿಗಳ ಡೇಟಾ ರೂಪ) ಉತ್ತರದ ಒಳಗಿಳಿದು ನೋಡುವ ಟೆಸ್ಟ್ ಇದ್ದರೆ ಅವು ಪೈಥಾನ್‌ನಲ್ಲೇ, ಬೇರೆ ಜಾಬ್‌ನಲ್ಲಿ ಇರಲಿ. ಪಠ್ಯ ತಿದ್ದುವ ಸೆಡ್ (sed) ಕಮಾಂಡಿನಿಂದ ಜೇಸನ್ ಬಗೆಯುವ ಸಾಹಸ ಬೇಡ.