ಟ್ಯಾಂಕಿನ ಮುಚ್ಚಳದಲ್ಲಿದ್ದ ಕಾಯಿಲೆ

ಹೊಂಡದಲ್ಲಿ ನೀರಿದ್ದೂ ಹೊಲಕ್ಕೆ ಹಾಯಿಸಲಾಗದ ಸಂಕಟವನ್ನು ಈ ಸಲದ ಮಖೆ ಮಳೆಯ ದಿನಗಳಲ್ಲಿ ನಾನು ಎಂಟು ದಿನ ಅನುಭವಿಸಿದೆ. ಚಿತ್ರದುರ್ಗ ತಾಲ್ಲೂಕಿನ ನಮ್ಮ ಕೆಂಪು ನೆಲದಲ್ಲಿ ಎರಡು ಎಕರೆ ಈರುಳ್ಳಿ ಇಟ್ಟಿದ್ದೆ. ಜೂನ್‌ನಲ್ಲಿ ಬಿತ್ತಿದ ಪೈರು ಗೆಡ್ಡೆ ಕಟ್ಟುವ ಹೊತ್ತಿಗೆ ಸರಿಯಾಗಿ ಮಳೆ ಕೈಕೊಟ್ಟಿತು. ಸರ್ಕಾರದ ಕೃಷಿಭಾಗ್ಯ ಯೋಜನೆಯಲ್ಲಿ ತೋಡಿಸಿದ ಹೊಂಡ ತುಂಬಿತ್ತು. ಆ ಹೊಲಕ್ಕೆ ಕರೆಂಟ್ ಇಲ್ಲವಾದ್ದರಿಂದ ನೀರೆತ್ತಲು ಇರುವುದು 2 ಇಂಚಿನ ಪೆಟ್ರೋಲ್ ಪಂಪು ಒಂದೇ. ಹಗ್ಗ ಎಳೆದರೆ ಅದು ಮೊದಲ ಎಳೆತಕ್ಕೇ ಶುರುವಾಗುತ್ತಿತ್ತು, ಹತ್ತು ಹದಿನೈದು ನಿಮಿಷ ಚೆನ್ನಾಗಿ ನೀರು ಕೊಡುತ್ತಿತ್ತು, ಆಮೇಲೆ ಸದ್ದು ಏರಿಳಿದು, ಉಸಿರು ಸಿಕ್ಕಿಕೊಂಡಂತಾಗಿ ನಿಂತುಬಿಡುತ್ತಿತ್ತು. ಕಾಲು ಗಂಟೆ ಬಿಟ್ಟು ಎಳೆದರೆ ಮತ್ತೆ ಶುರು, ಮತ್ತೆ ಅದೇ ಕಥೆ.

ಮೊದಲು ಪ್ಲಗ್ ಬದಲಿಸಿದೆ. ಗುಣವಾಗಲಿಲ್ಲ. ಪಂಪನ್ನು ಬೈಕಿನ ಹಿಂದೆ ಕಟ್ಟಿಕೊಂಡು ಪೇಟೆಯ ಒಂದು ರಿಪೇರಿ ಅಂಗಡಿಗೆ ಒಯ್ದೆ. ಅವರು ಪೆಟ್ರೋಲನ್ನು ಗಾಳಿಗೆ ಬೆರೆಸಿಕೊಡುವ ಕಾರ್ಬುರೇಟರ್ ಹೋಗಿದೆ ಎಂದು ಹೊಸದನ್ನು ಹಾಕಿ 1,400 ರೂಪಾಯಿ ತೆಗೆದುಕೊಂಡರು, ಅಂಗಡಿಯ ಮುಂದೆ ಎರಡು ನಿಮಿಷ ಓಡಿಸಿ ತೋರಿಸಿದರು. ಹತ್ತು ನಿಮಿಷಕ್ಕೆ ನಿಲ್ಲುವ ಎಂಜಿನ್ನನ್ನು ಎರಡು ನಿಮಿಷ ಓಡಿಸಿದರೆ ಏನು ತಿಳಿಯುತ್ತದೆ ಎಂದು ಆಗಲೇ ಕೇಳಬೇಕಿತ್ತು. ನೀರಿಲ್ಲದೆ ಪಂಪನ್ನು ಹೆಚ್ಚು ಹೊತ್ತು ಓಡಿಸಿದರೆ ಸೀಲು ಸುಟ್ಟುಹೋಗುತ್ತದೆ ಎಂಬುದು ನಿಜ. ಆದರೆ ಒಂದು ಡ್ರಮ್ಮು ನೀರಿಟ್ಟುಕೊಂಡು ಅದೇ ನೀರನ್ನು ಸುತ್ತಿಸುತ್ತಾ ಪರೀಕ್ಷಿಸಬಹುದಿತ್ತು. ಹೊಲಕ್ಕೆ ಬಂದ ಮೇಲೆ ಟ್ಯಾಂಕು ತುಂಬಾ ಪೆಟ್ರೋಲ್ ಹಾಕಿ ಶುರು ಮಾಡಿದರೆ, ಮೊದಲಿಗಿಂತ ಬೇಗ, ಏಳನೆಯ ನಿಮಿಷಕ್ಕೇ ನಿಂತಿತು. ಬಂಕಿನ ಪೆಟ್ರೋಲೇ ಸರಿಯಿಲ್ಲವೆಂದು ನಾನು ಆ ದಿನ ನಂಬಿದ್ದೆ.

ನನ್ನ ದಾರಿ ತಪ್ಪಿಸಿದ್ದು ಆ ಏಳು ನಿಮಿಷ, ಮುಂದೆ ದಾರಿ ತೋರಿಸಿದ್ದೂ ಅದೇ. ಪಕ್ಕದ ಹೊಲದ ಹಿರಿಯರೊಬ್ಬರು, ಸೀಮೆಎಣ್ಣೆ ಎಂಜಿನ್ನುಗಳ ಕಾಲದಿಂದ ನೀರು ಹಾಯಿಸಿದವರು, ಬದುವಿನ ಮೇಲೆ ಕೂತು ನನ್ನ ಒದ್ದಾಟವನ್ನು ನೋಡುತ್ತಿದ್ದರು. ಎಂಜಿನ್ ನಿಂತ ಕೂಡಲೇ, "ಈಗ ಮುಚ್ಚಳ ಬಿಚ್ಚಪ್ಪ, ಕಿವಿ ಹತ್ತಿರ ಇಟ್ಕೊಂಡು ಬಿಚ್ಚು" ಎಂದರು. ಬಿಚ್ಚಿದೆ. ಟ್ಯಾಂಕು ಸುಯ್ ಎಂದು ಗಾಳಿಯನ್ನು ಒಳಗೆಳೆದುಕೊಂಡಿತು. "ಅದಕ್ಕೆ ಉಸಿರಾಡಕ್ಕೆ ಬಿಟ್ಟಿಲ್ಲ ಕಣಪ್ಪ ನೀನು" ಎಂದು ಅವರು ಎದ್ದು ಹೋದರು.

ಇಂಥ ಸಣ್ಣ ಎಂಜಿನ್ನುಗಳಲ್ಲಿ ಟ್ಯಾಂಕಿನಿಂದ ಕಾರ್ಬುರೇಟರಿಗೆ ಪೆಟ್ರೋಲ್ ಇಳಿಯುವುದು ಬರೀ ತನ್ನ ಭಾರದಿಂದ. ಇಳಿದಷ್ಟು ಪೆಟ್ರೋಲಿನ ಜಾಗಕ್ಕೆ ಹೊರಗಿನ ಗಾಳಿ ಬರಬೇಕು, ಅದಕ್ಕಾಗಿ ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅದು ಕಟ್ಟಿಕೊಂಡರೆ ಟ್ಯಾಂಕಿನೊಳಗಿನ ಒತ್ತಡ ಇಳಿಯುತ್ತಾ ಹೋಗಿ, ಕೊನೆಗೆ ಪೆಟ್ರೋಲನ್ನು ಮೇಲೆಯೇ ಹಿಡಿದು ನಿಲ್ಲಿಸುತ್ತದೆ. ಒಂದು ಗೇಣು ಎತ್ತರದ ಪೆಟ್ರೋಲಿನ ಭಾರವೆಂದರೆ ಹೊರಗಿನ ಗಾಳಿಯ ಒತ್ತಡದಲ್ಲಿ ಶೇ 2ರಷ್ಟೂ ಆಗುವುದಿಲ್ಲವಾದ್ದರಿಂದ, ಒಳಗಿನ ಒತ್ತಡ ಅಷ್ಟು ಅಲ್ಪ ಕುಸಿದರೂ ಸಾಕು, ಹರಿವು ನಿಂತಂತೆಯೇ. ಎಂಜಿನ್ ನಿಂತ ಮೇಲೆ ಕಾಲು ಗಂಟೆಯಲ್ಲಿ ಗಾಳಿ ಸಂದುಗೊಂದುಗಳಿಂದ ನುಸುಳಿ ಒತ್ತಡ ಸರಿಹೋಗುತ್ತದೆ. ಅದಕ್ಕೇ ಅದು ಮತ್ತೆ ಶುರುವಾಗುತ್ತಿತ್ತು. ಟ್ಯಾಂಕು ತುಂಬಿದಾಗ ಬೇಗ ನಿಂತದ್ದಕ್ಕೂ ಇದೇ ಕಾರಣ. ಮೇಲೆ ಗಾಳಿಗೆ ಇರುವ ಜಾಗ ಚಿಕ್ಕದಾದಷ್ಟೂ, ಸ್ವಲ್ಪ ಪೆಟ್ರೋಲ್ ಇಳಿದರೂ ಒತ್ತಡ ಬೇಗನೆ ಕುಸಿಯುತ್ತದೆ. ಪೆಟ್ರೋಲಿನ ಮೇಲೆ ನಾನು ಹೊರಿಸಿದ್ದ ತಪ್ಪು ಮುಚ್ಚಳದ್ದಾಗಿತ್ತು.

ಮುಚ್ಚಳವನ್ನು ತಿರುಗಿಸಿ ನೋಡಿದೆ. ಒಳಗಿನ ರಬ್ಬರ್ ವಾಷರಿನ ಕೆಳಗೆ ಕೆಮ್ಮಣ್ಣು ಪೆಟ್ರೋಲಿನ ಪಸೆಗೆ ಅಂಟಿ, ಒಣಗಿ, ಹಲ್ಲಿನ ಸಂದಿನ ಪಾಚಿಯಂತೆ ಗಟ್ಟಿಯಾಗಿ ಕೂತಿತ್ತು. ಜೋಗಿಮಟ್ಟಿ ಕಡೆಯಿಂದ ಆಷಾಢವಿಡೀ ಬೀಸುವ ಗಾಳಿಗೆ ನಮ್ಮ ಹೊಲಗಳ ಧೂಳು ಹೇಗೆ ಏಳುತ್ತದೆಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಬಾಯಿಂದ ಊದಿ ಗಾಳಿ ಆಡುವುದನ್ನು ಖಚಿತಮಾಡಿಕೊಂಡೆ.

ಇಷ್ಟಾದರೂ ಅನುಮಾನ ಬಿಡಲಿಲ್ಲ, ಏಕೆಂದರೆ ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲು ಬಿಸಿಯಾದಾಗ ಕೆಟ್ಟರೆ ಅದರ ಲಕ್ಷಣವೂ ಹೀಗೆಯೇ ಇರುತ್ತದೆ: ಓಡುತ್ತದೆ, ನಿಲ್ಲುತ್ತದೆ, ತಣಿದರೆ ಮತ್ತೆ ಓಡುತ್ತದೆ. ಇವೆರಡನ್ನು ಬೇರ್ಪಡಿಸುವುದು ಎಂಜಿನ್ ನಿಂತ ಆ ಗಳಿಗೆಯಲ್ಲಿ ಮಾತ್ರ ಸಾಧ್ಯ. ಆಗ ಪ್ಲಗ್ ಬಿಚ್ಚಿ ನೋಡಬೇಕು. ತುದಿ ಒಣಗಿದ್ದರೆ ಪೆಟ್ರೋಲ್ ಬಂದಿಲ್ಲ. ಒದ್ದೆಯಾಗಿದ್ದು ಕಿಡಿ ಇಲ್ಲದಿದ್ದರೆ ಕಾಯಿಲನ್ನು ನೋಡಬೇಕು. ಕಿಡಿ ಪರೀಕ್ಷಿಸುವಾಗ ಪೆಟ್ರೋಲ್ ಕ್ಯಾನನ್ನು ದೂರವಿಟ್ಟು, ಚೆಲ್ಲಿದ್ದನ್ನು ಒರೆಸಿ, ಸ್ವಲ್ಪ ಹೊತ್ತು ಬಿಡುವುದನ್ನು ದಯವಿಟ್ಟು ಮರೆಯಬೇಡಿ. ನನ್ನ ಪ್ಲಗ್ ಒಣಗಿಯೇ ಇತ್ತು.

ಮುಚ್ಚಳ ಸರಿಯಾದ ಮೇಲೆ ಪಂಪು ನಲವತ್ತು ನಿಮಿಷ ಓಡಿತು. ಆಮೇಲೆ ಮತ್ತೆ ತಡವರಿಸಿತು, ಆದರೆ ಈ ಸಲ ಚೋಕನ್ನು ಅರ್ಧ ಎಳೆದರೆ ನಿಲ್ಲದೆ ಓಡುತ್ತಿತ್ತು. ಗಾಳಿಯನ್ನು ಕಡಿಮೆ ಮಾಡಿದರೆ ಮಾತ್ರ ಓಡುವುದೆಂದರೆ ಪೆಟ್ರೋಲ್ ಸಾಲದಾಗಿದೆ ಎಂದರ್ಥ, ಅಂದರೆ ಬಹುಮಟ್ಟಿಗೆ ಕಾರ್ಬುರೇಟರಿನೊಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ಕಟ್ಟಿದೆ. ಹೊಸ ಕಾರ್ಬುರೇಟರಿನ ಜೆಟ್ ಒಂದು ವಾರದೊಳಗೆ ಹೇಗೆ ಕಟ್ಟಿತು? ಟ್ಯಾಂಕಿನ ತಳದ ಪೆಟ್ರೋಲ್ ನಲ್ಲಿ, ಅಂದರೆ ಕಾಕ್ ಮುಚ್ಚಿ, ಪೈಪು ಕಳಚಿ, ಟ್ಯಾಂಕಿನ ಪೆಟ್ರೋಲನ್ನೆಲ್ಲ ಗಾಜಿನ ಬಾಟಲಿಗಳಿಗೆ ಬಗ್ಗಿಸಿ, ಮನೆಯಿಂದ ದೂರ ನೆರಳಿನಲ್ಲಿ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ಕಡೆಯ ಬಾಟಲಿಯ ತಳದಲ್ಲಿ ಬೆರಳ ದಪ್ಪಕ್ಕೆ ಬೇರೊಂದು ಪದರ ನಿಂತಿತ್ತು, ಅದರ ಕೆಳಗೆ ತುಕ್ಕಿನ ಕೆಂಪು ಪುಡಿ.

2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಸಿಕ್ಕಿತು, ಈಗ ಬಂಕಿನಲ್ಲಿ ನಮಗೆ ಸಿಗುವುದು ಬಹುತೇಕ ಅದೇ. ಕಬ್ಬು, ಮೆಕ್ಕೆಜೋಳ ಬೆಳೆಯುವ ರೈತರಿಗೆ ಅದರಿಂದ ಬೆಲೆ ಸಿಗುವುದಾದರೆ ನನ್ನ ತಕರಾರಿಲ್ಲ. ಆದರೆ ದಿನವೂ ಓಡುವ ಬೈಕಿನ ಟ್ಯಾಂಕು ಬೇರೆ, ವರ್ಷದಲ್ಲಿ ಹತ್ತು ತಿಂಗಳು ಶೆಡ್ಡಿನ ಮೂಲೆಯಲ್ಲಿ ಕೂರುವ ಪಂಪಿನ ಟ್ಯಾಂಕು ಬೇರೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದಾಗ ನೀರು, ಎಥನಾಲ್ ಎರಡೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಕಾಕ್ ಇರುವುದೂ ತಳದಲ್ಲೇ. ಹೋದ ವರ್ಷದ ಪೆಟ್ರೋಲನ್ನು ಟ್ಯಾಂಕಿನಲ್ಲೇ ಬಿಟ್ಟು, ಅದರ ಮೇಲೆ ಹೊಸದನ್ನು ಸುರಿದದ್ದು ನನ್ನ ತಪ್ಪು. ಟ್ಯಾಂಕು ತೊಳೆಯದೆ ಕಾರ್ಬುರೇಟರ್ ಬದಲಿಸಿದ್ದು ಅಂಗಡಿಯವರ ತಪ್ಪು.

ಟ್ಯಾಂಕನ್ನು ಎರಡು ಸಲ ಪೆಟ್ರೋಲ್ ಹಾಕಿ ಕುಲುಕಿ ತೊಳೆದೆ, ಕಾಕಿನ ಜಾಲರಿ ಬಿಡಿಸಿದೆ, ಪೈಪಿನ ನಡುವೆ ಹೊಸ ಫಿಲ್ಟರ್ ಹಾಕಿದೆ. ಕಾರ್ಬುರೇಟರಿನ ಕೆಳಗಿನ ಬಟ್ಟಲು ಬಿಚ್ಚಿ ಹಿತ್ತಾಳೆಯ ಜೆಟ್ಟನ್ನು ಬೆಳಕಿಗೆ ಹಿಡಿದಾಗ, ಸಾಸಿವೆಗಿಂತ ಸಣ್ಣ ಆ ತೂತಿನ ಅರ್ಧ ಭಾಗದಲ್ಲಿ ಮಾತ್ರ ಬೆಳಕು ಕಾಣುತ್ತಿತ್ತು. ಸೂಜಿಯಾಗಲಿ ಪಿನ್ನಾಗಲಿ ತೂರಿಸಬಾರದು, ಹಿತ್ತಾಳೆ ಮೃದುವಾದ್ದರಿಂದ ತೂತು ಅಗಲವಾಗಿ ಎಂಜಿನ್ ಮುಂದೆ ಪೆಟ್ರೋಲ್ ಕುಡಿಯತೊಡಗುತ್ತದೆ. ವೈರಿನೊಳಗಿನ ಒಂದೇ ಒಂದು ತಾಮ್ರದ ಎಳೆ ತೆಗೆದು ನಿಧಾನವಾಗಿ ಆಡಿಸಿದೆ, ಆಮೇಲೆ ಪಂಕ್ಚರ್ ಅಂಗಡಿಯ ಗಾಳಿಯಿಂದ ಊದಿಸಿದೆ. ಚುಕ್ಕಿಯಂಥ ಬೆಳಕು ದುಂಡಗೆ ಕಂಡಿತು.

ಎಂಟನೆಯ ದಿನ ಸಂಜೆ ನಾಲ್ಕಕ್ಕೆ ಶುರು ಮಾಡಿದ ಪಂಪನ್ನು ನಾನೇ ಆರೂಕಾಲಿಗೆ ನಿಲ್ಲಿಸಿದೆ, ನಡುವೆ ಪೆಟ್ರೋಲ್ ತುಂಬಲು ಒಂದು ಸಲ ಬಿಟ್ಟರೆ ಅದು ತಾನಾಗಿ ನಿಲ್ಲಲಿಲ್ಲ. ಮೇಲುಗಡೆಯ ಆರು ಸಾಲು ಈರುಳ್ಳಿ ಅಷ್ಟರಲ್ಲಿ ತುದಿ ಒಣಗಿ ಮಲಗಿತ್ತು, ಅದು ಏಳಲಿಲ್ಲ. ಉಳಿದದ್ದು ಉಳಿಯಿತು. ಈರುಳ್ಳಿ ಕಿತ್ತಾದ ಮೇಲೆ ಕಾಕ್ ಮುಚ್ಚಿ, ಬಟ್ಟಲಿನಲ್ಲಿರುವುದು ಮುಗಿದು ತಾನೇ ನಿಲ್ಲುವವರೆಗೆ ಓಡಿಸಿ, ಟ್ಯಾಂಕನ್ನು ಬರಿದು ಮಾಡಿ ಒಣಗಿಸಿ ಇಡುತ್ತೇನೆ. ಒಳಗಿನ ತುಕ್ಕು ಪೂರ್ತಿ ಹೋಗಿಲ್ಲ, ಫಿಲ್ಟರಿನಲ್ಲಿ ಈಗಲೂ ಕೆಂಪು ಕಾಣುತ್ತಿದೆ.