ಲೂಸಾದ ಸೈಟು (30x40 ಅಲ್ಲ)

ಜೂನ್ 8

"ಸೈಟು ಲೂಸಾಗಿದೆ ಅಂಕಲ್, ಸರಿ ಮಾಡೋಣ ಅಂತ ಕೂತಿದೀನಿ" ಅಂದೆ. ಕಾಂಪೌಂಡಿನ ಆಚೆಯಿಂದ ಇಣುಕುತ್ತಿದ್ದ ಎಚ್‌ಎಂಟಿ ಅಂಕಲ್ಲು "ಯಾವಾಗ ತಗೊಂಡ್ಯಪ್ಪಾ, ಎಲ್ಲಿ? ತರ್ಟಿ ಫಾರ್ಟಿನಾ?" ಅಂದರು. ತುಮಕೂರಲ್ಲಿ ಸೈಟು ಅಂದರೆ ಇನ್ನೇನು ಅರ್ಥ ಬರಬೇಕು ಹೇಳಿ. ಮೇಜಿನ ಮೇಲಿದ್ದ ಪಿಸ್ತೂಲು ತೋರಿಸಿದ ಮೇಲೆ ಮುಖದಲ್ಲಿ ನಿರಾಸೆ ಕಂಡಿತು.

ನನ್ನದು ಗಾಳಿ ಪಿಸ್ತೂಲು. 4.5 ಮಿಮೀ ಪೆಲೆಟ್, ನಳಿಗೆ ಬಗ್ಗಿಸಿದರೆ ಒಳಗಿನ ಸ್ಪ್ರಿಂಗ್ ಬಿಗಿಯಾಗುವ ಜಾತಿ. ಸೆಕೆಂಡ್ ಹ್ಯಾಂಡ್. ಗುರಿ ಹಿಡಿಯಲು ಅದರ ಮೇಲೆ ಮುಂದೊಂದು, ಹಿಂದೊಂದು ಸೈಟು ಇರುತ್ತದೆ. ಹಿಂದಿನದನ್ನು ಎಡಬಲಕ್ಕೆ ಒಂದು ತಿರುಪಿನಿಂದ, ಮೇಲೆ ಕೆಳಗೆ ಇನ್ನೊಂದರಿಂದ ಸರಿಸಬಹುದು. ಮನೆ ಹಿಂದೆ ತೆಂಗಿನಕಾಯಿ ಹಾಕುವ ಶೆಡ್ಡಿನಲ್ಲಿ ಹತ್ತು ಮೀಟರ್ ಉದ್ದ ಸರಿಯಾಗಿ ಸಿಗುತ್ತದೆ. ಆ ತುದಿಗೆ ಮರದ ಪೆಟ್ಟಿಗೆ, ಅದರೊಳಗೆ ಒತ್ತೊತ್ತಾಗಿ ತುರುಕಿದ ಹಳೇ ಬಟ್ಟೆ, ಹಿಂದೆ ದಪ್ಪ ಕಬ್ಬಿಣದ ತಗಡು. ಇಷ್ಟೇ ನಮ್ಮ ರೇಂಜು.

ಒಂದು ತಿಂಗಳಿಂದ ಗುರಿ ಕೆಟ್ಟಿದೆ. ಕೈ ನಡುಗುತ್ತಿದೆ ಅಂದುಕೊಂಡು ಬೆಳಗಿನ ಕಾಫಿ ಬಿಟ್ಟೆ. ಉಸಿರಿನ ತಪ್ಪು ಅಂದುಕೊಂಡು ಅದನ್ನೂ ತಿದ್ದಿಕೊಂಡೆ. ಇವತ್ತು ಗುರಿ ಹಿಡಿದಾಗ ಹೆಬ್ಬೆರಳು ಸೈಟಿಗೆ ತಾಗಿತು, ಅದು ಕಟಕ್ ಅಂತ ವಾಲಿತು. ಒಂದು ತಿಂಗಳ ಕಾಫಿ ದಂಡ.

ಬಿಚ್ಚುವ ಮೊದಲು ಅಳತೆ ಇರಲಿ ಅಂತ ಹತ್ತು ಗುಂಡು ಹೊಡೆದೆ. ರಾಗಿ ಚೀಲದ ಮೇಲೆ ಕೈ ಊರಿಕೊಂಡು. ಇಂಥ ಸ್ಪ್ರಿಂಗ್ ಪಿಸ್ತೂಲನ್ನೇ ಚೀಲದ ಮೇಲೆ ಇಟ್ಟು ಹೊಡೆದರೆ ಅದು ಎಗರುವ ರೀತಿಯೇ ಬೇರೆಯಾಗಿ ಗುಂಡು ಇನ್ನೆಲ್ಲೋ ಬೀಳುತ್ತದೆ, ಅದಕ್ಕೇ ಕೈ ಮಾತ್ರ ಊರಬೇಕು. ಬಿದ್ದ ತೂತುಗಳು ಮೇಲೆ ಕೆಳಗೆ 22 ಮಿಮೀ, ಅಡ್ಡಕ್ಕೆ 48 ಮಿಮೀ. ಗುರಿ ಹಾಳೆಯ ನಟ್ಟನಡುವೆ ಇರುವ ಹತ್ತು ಅಂಕದ ಉಂಗುರದ ಅಗಲವೇ 11.5 ಮಿಮೀ, ಅಲ್ಲಿಂದಾಚೆ 8 ಮಿಮೀಗೊಂದು ಉಂಗುರ. ಹಾಗಾಗಿ 48 ಅಂದರೆ ಮಾನ ಹೋಯಿತು ಅಂತಲೇ ಲೆಕ್ಕ. ಆದರೆ ಕೈ ನಡುಗಿದ್ದರೆ ಎರಡೂ ಕಡೆ ಹರಡಬೇಕಿತ್ತಲ್ಲ, ಅಡ್ಡಕ್ಕೆ ಮಾತ್ರ ಯಾಕೆ?

ಮೊದಲು ನಳಿಗೆಯ ಕೀಲು ಅಲ್ಲಾಡಿಸಿ ನೋಡಿದೆ, ಯಾಕೆಂದರೆ ಅಲ್ಲಿ ಲೂಸಿದ್ದರೂ ಹೀಗೇ ಆಗುತ್ತದೆ. ಗಟ್ಟಿಯಾಗಿದೆ. ಆಮೇಲೆ ಎಲ್ಲರೂ ಮಾಡುವುದನ್ನೇ ಮಾಡಿದೆ, ಅಲೆನ್ ಕೀ ತಗೊಂಡು ಕಂಡ ಸ್ಕ್ರೂ ಎಲ್ಲ ಬಿಗಿದೆ. ಇಪ್ಪತ್ತು ಗುಂಡಿನ ತನಕ ಚೆನ್ನಾಗಿತ್ತು. ಆಮೇಲೆ ಅದೇ ರಾಗ.

ಜೂನ್ 11

ತಂಗಿಯ ನೈಲ್ ಪಾಲಿಷ್‌ನಿಂದ (ಕೇಳಲಿಲ್ಲ, ತಗೊಂಡೆ) ಸೈಟಿನ ತಳಕ್ಕೂ ಪಿಸ್ತೂಲಿನ ಮೈಗೂ ಸೇರಿ ಒಂದು ಗೆರೆ ಎಳೆದೆ. ಮೂವತ್ತು ಗುಂಡು ಆದ ಮೇಲೆ ಆ ಗೆರೆ ಒಡೆದು ಎರಡಾಗಿ, ಒಂದು ಮಿಮೀಯಷ್ಟು ಹಿಂದೆಮುಂದೆ ಆಗಿದೆ. ಸೈಟು ಇಡಿಯಾಗಿ ಕಚ್ಚಿನಲ್ಲಿ ಜಾರುತ್ತಿದೆ.

ಸ್ಪ್ರಿಂಗ್ ಪಿಸ್ತೂಲಿನ ಒದೆತ ಎರಡು ಕಡೆಯದು. ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗುವಾಗ ಪಿಸ್ತೂಲು ಹಿಂದಕ್ಕೆ ಬರುತ್ತದೆ, ಪಿಸ್ಟನ್ ತುದಿಗೆ ಹೋಗಿ ನಿಂತಾಗ ಮುಂದಕ್ಕೆ ಎಳೆಯುತ್ತದೆ. ಈ ಹೋಗಿ ಬರುವ ಏಟಿಗೆ ಎಂಥ ಸ್ಕ್ರೂ ಆದರೂ ಸಡಿಲ ಬೀಳುತ್ತದೆ. ಹಿಂದೆ ಮುಂದೆ ಒಂದು ಮಿಮೀ ಜಾರಿದರೆ ಗುರಿಗೇನೂ ದೊಡ್ಡ ತೊಂದರೆಯಿಲ್ಲ. ಆದರೆ ಜಾರುವಷ್ಟು ಸಡಿಲ ಇದ್ದರೆ ವಾಲುವಷ್ಟು ಸಡಿಲವೂ ಇರುತ್ತದೆ, ನಮಗೆ ಹೊಡೆತ ಬೀಳುವುದು ಆ ವಾಲುವುದರಿಂದ.

ಲೆಕ್ಕ ಸುಲಭ. ಹಿಂದಿನ ಸೈಟಿನಿಂದ ಮುಂದಿನದಕ್ಕೆ ಟೇಪು ಹಿಡಿದರೆ 310 ಮಿಮೀ. ಗುರಿ 10,000 ಮಿಮೀ ದೂರ. ಭಾಗಿಸಿದರೆ 32 ಚಿಲ್ಲರೆ. ಅಂದರೆ ಇಲ್ಲಿ ಸೈಟು ಒಂದು ಕೂದಲಿನಷ್ಟು, 0.1 ಮಿಮೀ ಸರಿದರೆ ಅಲ್ಲಿ ಗುಂಡು 3 ಮಿಮೀಗೂ ಹೆಚ್ಚು ಸರಿಯುತ್ತದೆ.

ಜೂನ್ 15

ಈ ಭಾನುವಾರ ಪೂರ್ತಿ ಅಂಕಲ್ಲಿಗೆ ಸೇರಿದ್ದು. ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ದುಡಿದವರು. ಕಾರ್ಖಾನೆ ಮುಚ್ಚಿ ಜಾಗ ಇಸ್ರೋಗೆ ಹೋಯಿತು, ಆದರೆ ಅವರ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ, ಚಿಮಟ ಇನ್ನೂ ಡಬ್ಬದಲ್ಲಿ ಮಿರಮಿರ ಅನ್ನುತ್ತಿವೆ.

ನಳಿಗೆ ಬಗ್ಗಿಸಿ ಒಳಗೆ ಪೆಲೆಟ್ ಇಲ್ಲ ಅಂತ ನಾನೂ ನೋಡಿ ಅವರಿಗೂ ತೋರಿಸಿದೆ. ಸುಮ್ಮನೆ ಖಾಲಿ ಟ್ರಿಗರ್ ಎಳೆಯಬೇಡಿ ಅಂತಲೂ ಹೇಳಿದೆ. ಪೆಲೆಟ್ ಇಲ್ಲದಿದ್ದರೆ ಪಿಸ್ಟನ್ನಿನ ಮುಂದೆ ಅದನ್ನು ತಡೆಯುವ ಗಾಳಿ ನಿಲ್ಲುವುದಿಲ್ಲ, ಹೋಗಿ ಢಿಕ್ಕಿ ಹೊಡೆಯುತ್ತದೆ.

"ಬಿಗಿಯೋದು ಆಮೇಲೆ. ಎಲ್ಲಿ ಆಟ ಇದೆ ಅಂತ ಮೊದ್ಲು ನೋಡ್ಕೋ" ಅಂದರು. ಬೈಕ್ ಮೆಕ್ಯಾನಿಕ್ ಹತ್ತಿರ ಟ್ಯಾಪೆಟ್‌ಗೆ ಹಾಕುವ ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳ ಕಟ್ಟು) ಕೇಳಿ ತಂದಿದ್ದೆ. ಒಂದೊಂದೇ ಎಲೆ ತೂರಿಸುತ್ತಾ ಹೋದರೆ ಸೈಟಿನ ತಗಡಿನ ಪಕ್ಕದಲ್ಲಿ 0.4 ಮಿಮೀ ಸಂದು. ಗುರಿಯ ಹತ್ತಿರ ಅದು 13 ಮಿಮೀ! ತಳದ ಲೂಸು ಬೇರೆ, ಇದು ಬೇರೆ. ಒಂದು ಕಾಯಿಲೆ ಅಂದುಕೊಂಡಿದ್ದು ಎರಡಾಯಿತು. ಮೇಲೆ ಕೆಳಗೆ ಆಡುವ ಪಿನ್ನು ಮಾತ್ರ ಚೆನ್ನಾಗಿತ್ತು, ಅದರ ಗೊಡವೆಗೆ ಹೋಗಲಿಲ್ಲ.

ಬಿಚ್ಚುವ ಮುಂಚೆ ಎರಡೂ ತಿರುಪನ್ನು ಕೊನೆಮುಟ್ಟ ತಿರುಗಿಸುತ್ತಾ ಕ್ಲಿಕ್ ಎಣಿಸಿ ಬರೆದಿಟ್ಟೆ. ಮೇಲೆ ಕೆಳಗಿನದು 23, ಎಡಬಲದ್ದು 17. ಇದೊಂದೇ ನಾನು ಬುದ್ಧಿವಂತಿಕೆಯಿಂದ ಮಾಡಿದ ಕೆಲಸ. ಯಾಕೆಂದರೆ "ಪ್ಲಾಸ್ಟಿಕ್ ಕವರ್ ಒಳಗೆ ಕೈ ಇಟ್ಕೊಂಡು ಬಿಚ್ಚೋ" ಅಂತ ಅಂಕಲ್ ಹೇಳುತ್ತಿದ್ದಂತೆಯೇ ಕ್ಲಿಕ್ ಕೊಡುವ ಗುಂಡು ಚಿಮ್ಮಿ ಹೋಯಿತು. ಸಾಸಿವೆ ಕಾಳಿನಷ್ಟು ಉಕ್ಕಿನ ಗುಂಡು, ತೆಂಗಿನ ನಾರು ಬಿದ್ದ ನೆಲ. ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ಕವರ್ ಸುತ್ತಿ ಮೊಣಕಾಲೂರಿ ಒಂದೂವರೆ ಗಂಟೆ ಗುಡಿಸಿದೆ. ಎರಡು ಮೊಳೆ, ಒಂದು ಸೇಫ್ಟಿ ಪಿನ್ನು, ಕೊನೆಗೆ ಗುಂಡು. ಅಷ್ಟೊತ್ತೂ ಅಂಕಲ್ ತಟ್ಟೆ ಇಡ್ಲಿ ತಿನ್ನುತ್ತಾ ಕುರ್ಚಿಯಿಂದಲೇ ದಿಕ್ಕು ತೋರಿಸುತ್ತಿದ್ದರು.

ಎಡಬಲದ ತಿರುಪಿನ ಮೇಲೆ ಕೂರುವ ಪುಟ್ಟ ಸ್ಪ್ರಿಂಗ್ ಕುಗ್ಗಿ ಸತ್ತುಹೋಗಿದೆ. ಅದು ಸದಾ ತಗಡನ್ನು ಒಂದೇ ಕಡೆಗೆ ಒತ್ತಿ ಹಿಡಿದರೆ ಸಂದು ಇದ್ದರೂ ಆಟ ಇರುವುದಿಲ್ಲ. ಬಾಲ್‌ಪೆನ್ನಿನ ಸ್ಪ್ರಿಂಗ್ ಹಾಕಿ ನೋಡಿದೆ, ದಪ್ಪ. ಅಂಕಲ್ ಎದ್ದು ಹೋಗಿ ಮುಗಿದುಹೋದ ಸಿಗರೇಟ್ ಲೈಟರ್ ತಂದರು. ಅದರಲ್ಲಿ ಕಿಡಿಕಲ್ಲನ್ನು ಮೇಲಕ್ಕೆ ತಳ್ಳುವ ಸಣ್ಣ, ಉದ್ದನೆಯ ಸ್ಪ್ರಿಂಗ್ ಇರುತ್ತದೆ. 7 ಮಿಮೀ ಕತ್ತರಿಸಿ, ತುದಿಯನ್ನು ಕಲ್ಲಿನ ಮೇಲೆ ಉಜ್ಜಿ ಚಪ್ಪಟೆ ಮಾಡಿ ಕೂರಿಸಿದರೆ ಹೇಳಿ ಮಾಡಿಸಿದ ಹಾಗೆ ಕೂತಿತು. "ಸಿಗರೇಟ್ ಬಿಟ್ಟು ಹತ್ತು ವರ್ಷ ಆಯ್ತು" ಅಂದರು, ನಾನೇನೂ ಕೇಳಿರಲಿಲ್ಲ.

ಜೂನ್ 22

ತಳದ ಸರದಿ. ಕಚ್ಚಿನ ತುಂಬ ಎಣ್ಣೆ. ಯಾರು ಹಾಕಿದ್ದು? ನಾನೇ, ಆಯುಧಪೂಜೆಗೆ ಒರೆಸಿದಾಗ. ಅಸಿಟೋನ್ ಹಾಕಿ ಬಟ್ಟೆ ಬಿಳಿಯಾಗಿ ಬರುವ ತನಕ ಒರೆಸಿದೆ.

ಆಮೇಲೆ ಕಚ್ಚಿ ಹಿಡಿಯುವ ದವಡೆಗೆ ನೀಲಿ ಮಾರ್ಕರ್ ಬಳಿದು, ಬಿಗಿದು, ಮತ್ತೆ ಬಿಚ್ಚಿ ನೋಡಿದೆ. ಕಾರ್ಖಾನೆಯಲ್ಲಿ ಬ್ಲೂ ಹಚ್ಚಿ ನೋಡುತ್ತಿದ್ದರಂತೆ, ಅದೇ ಉಪಾಯ, ತಾಗಿದ ಕಡೆ ಬಣ್ಣ ಅಳಿಸುತ್ತದೆ. ನೀಲಿ ಅಳಿಸಿದ್ದು ಮುಂದಿನ ಒಂದು ಮೂಲೆಯಲ್ಲಿ ಮಾತ್ರ. ಇಡೀ ದವಡೆ ಅಲ್ಲೊಂದು ಕಡೆ ನಿಂತು ಹಿಡಿದುಕೊಂಡಿತ್ತು, ನಾನು ಎಷ್ಟು ಬಿಗಿದರೇನು ಬಂತು. ಗಾಜಿನ ಮೇಲೆ 400 ನಂಬರಿನ ಎಮರಿ ಪೇಪರ್ ಅಂಟಿಸಿ ಹತ್ತು ಎಳೆತ, ಮತ್ತೆ ನೀಲಿ, ಮತ್ತೆ ಹತ್ತು ಎಳೆತ. ನಾಲ್ಕನೇ ಸಲಕ್ಕೆ ಮುಕ್ಕಾಲು ಭಾಗ ತಾಗಿತು. ಸಾಕು, ಇನ್ನೂ ಉಜ್ಜಿದರೆ ಲೋಹವೇ ಸವೆದು ಹೋಗುತ್ತದೆ.

ಸ್ಕ್ರೂ ಹಿಡಿಯುವ ಅಂಟಿಗೆ ಬಿ.ಎಚ್. ರಸ್ತೆಗೆ ಹೋದೆ. "ಫೆವಿಕ್ವಿಕ್ ಹಾಕ್ಬಿಡಿ ಸಾರ್, ಜನ್ಮಕ್ಕೂ ಅಲ್ಲಾಡಲ್ಲ" ಅಂದ ಅಂಗಡಿ ಹುಡುಗ. ಜನ್ಮಕ್ಕೂ ಅಲ್ಲಾಡದೆ ಇರುವುದು ನನಗೆ ಬೇಡವಾಗಿತ್ತು. ಕೆಂಪು ಲಾಕ್‌ಟೈಟ್ ಕೊಟ್ಟ, ಅದೂ ಬೇಡ. ಬಿಚ್ಚಬೇಕಾದರೆ ಚೆನ್ನಾಗಿ ಕಾಯಿಸಬೇಕು. ಸಣ್ಣ ಸ್ಕ್ರೂಗೆ ನೇರಳೆ ಬಣ್ಣದ 222 ಸರಿ, ಕಾಯಿಸದೆ ಅಲೆನ್ ಕೀಯಲ್ಲೇ ಬಿಚ್ಚಲು ಬರುತ್ತದೆ. ಮೂರನೇ ಅಂಗಡಿಯಲ್ಲಿ ಸಿಕ್ಕಿತು.

ತಳದ ಎರಡು ಸ್ಕ್ರೂಗೆ ಸೂಜಿ ಮೊನೆಯಷ್ಟು ಹಚ್ಚಿ ಒಂದು ದಿನ ಮುಟ್ಟದೆ ಬಿಟ್ಟೆ. ಎಡಬಲ, ಮೇಲೆ ಕೆಳಗಿನ ತಿರುಪುಗಳಿಗೆ ಹಚ್ಚಲಿಲ್ಲ, ಅವು ತಿರುಗಬೇಕಲ್ಲ. ಪ್ಲಾಸ್ಟಿಕ್ ಸೈಟಿನವರು ಇದನ್ನು ಹಚ್ಚುವ ಮುಂಚೆ ಯೋಚಿಸಿ. ಕೆಲವು ಪ್ಲಾಸ್ಟಿಕ್ ಇದಕ್ಕೆ ಬಿರುಕು ಬಿಡುತ್ತವೆ.

ಜೂನ್ 29

ಬರೆದಿಟ್ಟ 23, 17ಕ್ಕೆ ತಂದು ನಿಲ್ಲಿಸಿದೆ. ಗುಂಡು ಎಡಕ್ಕೆ ಬಿತ್ತು, ಬಲಕ್ಕೆ ಬರಬೇಕಾದರೆ ಹಿಂದಿನ ಸೈಟೂ ಬಲಕ್ಕೇ ಹೋಗಬೇಕು. (ಪ್ರತಿ ಸಲವೂ ಇದರಲ್ಲಿ ಗೊಂದಲ ಮಾಡಿಕೊಳ್ಳುತ್ತೇನೆ. ಈಗ ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದು ಅಂಟಿಸಿದ್ದೇನೆ.) ಎಂಟು ಕ್ಲಿಕ್ಕಿಗೆ 13 ಮಿಮೀ ಸರಿಯಿತು. ವಾಪಸ್ ಎಂಟು ತಿರುಗಿಸಿದರೆ ಗುಂಡೂ ವಾಪಸ್ ಮೊದಲಿನ ಜಾಗಕ್ಕೇ ಬಂತು. ಸ್ಪ್ರಿಂಗ್ ಹಾಕುವ ಮುಂಚೆ ಹೀಗೆ ವಾಪಸ್ ತರಲು ಹನ್ನೊಂದು ಕ್ಲಿಕ್ ಬೇಕಾಗುತ್ತಿತ್ತು.

ರಾಗಿ ಚೀಲ, ಹತ್ತು ಗುಂಡು: ಮೇಲೆ ಕೆಳಗೆ 24, ಅಡ್ಡಕ್ಕೆ 27. ಚೀಲ ತೆಗೆದು, ನಿಂತು ಒಂಟಿ ಕೈಯಲ್ಲಿ ಹೊಡೆದಾಗ ಬಂದ ಅಂಕಿ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಲೈಟರ್ ಸ್ಪ್ರಿಂಗ್ ಸಿಗುವುದಿಲ್ಲ.

ಜುಲೈ 13

ಇನ್ನೂರು ಗುಂಡು ಆಯಿತು. ಹೊಸ ನೈಲ್ ಪಾಲಿಷ್ ಗೆರೆ ಒಡೆದಿಲ್ಲ. ಸೀಸೆ ಎಲ್ಲಿ ಹೋಯಿತು ಅಂತ ತಂಗಿ ಕೇಳಿದಳು, ಸೈಟಿಗೆ ಅಂದೆ. "ನಿಜವಾಗ್ಲೂ ತಗೊಂಡ್ಯಾ ಅಣ್ಣ, ಎಲ್ಲಿ?" ಅಂದಳು.